ಕಾಲಿಗೆ ರಕ್ತ ಸಾಲದಾದಾಗ: ದಂಪತಿಗಳು ತಿಳಿದಿರಬೇಕಾದ ವಿಷಯ

ಬೇಸಾಯಗಾರನ ಮನೆಯಲ್ಲಿ ಕಾಲಿನಷ್ಟು ಬೆಲೆಯುಳ್ಳ ಆಸ್ತಿ ಮತ್ತೊಂದಿಲ್ಲ. ಉಳುವುದಕ್ಕೆ, ನಾಟಿಗೆ, ಕೊಯ್ಲಿಗೆ, ನೀರು ತರುವುದಕ್ಕೆ, ಸಂತೆಗೆ, ಎಲ್ಲಕ್ಕೂ ಕಾಲೇ ಆಧಾರ. ಎತ್ತು ಕುಂಟಿದರೆ ಅದೇ ದಿನ ಪಶುವೈದ್ಯರನ್ನು ಕರೆಸುವ ನಾವು, ನಮ್ಮ ಕಾಲು ನೋಯತೊಡಗಿದಾಗ "ವಯಸ್ಸಾಯಿತು", "ವಾಯು ಹಿಡಿದಿದೆ" ಎಂದು ಸುಮ್ಮನಿರುತ್ತೇವೆ. ಹೀಗೆ ಸುಮ್ಮನಿದ್ದುದರಿಂದಲೇ ಎಷ್ಟೋ ಮಂದಿ ಉಳಿಸಿಕೊಳ್ಳಬಹುದಾಗಿದ್ದ ಕಾಲನ್ನು ಕಳೆದುಕೊಂಡಿದ್ದಾರೆ.

ಕಾಲು ನೋವಿಗೆ ಕಾರಣಗಳು ಅನೇಕ. ಅವುಗಳಲ್ಲಿ ಒಂದನ್ನು ಕುರಿತು ಇಲ್ಲಿ ತಿಳಿಸಲಾಗಿದೆ. ಅದು ಕಾಲಿಗೆ ಶುದ್ಧರಕ್ತವನ್ನು ಒಯ್ಯುವ ನಾಳಗಳು ವರ್ಷಗಳ ಕಾಲ ನಿಧಾನವಾಗಿ ಕಿರಿದಾಗುತ್ತ ಬಂದು, ಕೊನೆಗೆ ಪಾದಕ್ಕೆ ರಕ್ತವೇ ಸಾಲದಂತಾಗುವ ಕಾಯಿಲೆ. ಇದನ್ನು ಪತಿಪತ್ನಿಯರಿಬ್ಬರೂ ಒಟ್ಟಿಗೆ ಕುಳಿತು ಓದಬೇಕು. ಏಕೆಂದರೆ ಈ ಕಾಯಿಲೆಯನ್ನು ಮೊದಲು ಗುರುತಿಸಬಲ್ಲವರು ವೈದ್ಯರಲ್ಲ; ಒಂದೇ ಸೂರಿನಡಿ ಬಾಳುವ ನೀವಿಬ್ಬರು.

ಕಾಲಿಗೆ ರಕ್ತ ಹೇಗೆ ತಲುಪುತ್ತದೆ?

ಕೆರೆಯ ನೀರು ಹೊಲಗದ್ದೆಗಳಿಗೆ ಹರಿಯುವುದನ್ನು ನೀವು ದಿನವೂ ನೋಡುತ್ತೀರಿ. ತೂಬಿನಿಂದ ಹೊರಟ ನೀರು ದೊಡ್ಡ ಕಾಲುವೆಯಲ್ಲಿ ಹರಿದು, ಅಲ್ಲಿಂದ ಕವಲುಗಳಾಗಿ ಒಡೆದು, ಕಟ್ಟಕಡೆಯ ಗದ್ದೆಯನ್ನು ತಲುಪುತ್ತದೆ. ನಮ್ಮ ದೇಹದಲ್ಲಿಯೂ ಏರ್ಪಾಡು ಹೀಗೆಯೇ ಇದೆ. ಹೃದಯದಿಂದ ಹೊರಟ ದೊಡ್ಡ ರಕ್ತನಾಳವು ಹೊಟ್ಟೆಯೊಳಗೆ ಇಳಿದು, ಹೊಕ್ಕುಳಿನ ಸಮೀಪದಲ್ಲಿ ಎರಡಾಗಿ ಕವಲೊಡೆಯುತ್ತದೆ. ಒಂದೊಂದು ಕವಲೂ ತೊಡೆಸಂದಿನ ಮೂಲಕ ತೊಡೆಗಿಳಿದು, ಮಂಡಿಯ ಹಿಂಭಾಗವನ್ನು ದಾಟಿ, ಅಲ್ಲಿಂದ ಕೆಳಗೆ ಮೂರು ಸಣ್ಣ ನಾಳಗಳಾಗಿ ಪಾದವನ್ನು ಸೇರುತ್ತದೆ. ಕಾಲ್ಬೆರಳುಗಳೇ ಕಟ್ಟಕಡೆಯ ಗದ್ದೆ.

ಕಾಲುವೆಯಲ್ಲಿ ಹೂಳು ತುಂಬಿದರೆ ಮೊದಲು ಒಣಗುವುದು ಯಾವ ಗದ್ದೆ? ಕಡೆಯದು. ಹಾಗೆಯೇ ರಕ್ತನಾಳದ ಒಳಗೋಡೆಯಲ್ಲಿ ಕೊಬ್ಬು ಮತ್ತು ಸುಣ್ಣದಂಶ ಕೂಡಿಕೊಂಡು ದಾರಿ ಕಿರಿದಾದಾಗ, ಮೊದಲು ಸೊರಗುವುದು ಪಾದ ಮತ್ತು ಬೆರಳುಗಳು. ಮೇಲಿನ ಅಡಚಣೆಯನ್ನು ತೆಗೆಯದೆ ಕಡೆಯ ಗದ್ದೆಗೆ ಎಷ್ಟು ಗೊಬ್ಬರ ಹಾಕಿದರೂ ಪೈರು ಚಿಗುರದು. ರಕ್ತವಿಲ್ಲದ ಪಾದದ ಹುಣ್ಣಿಗೆ ಎಷ್ಟು ಮುಲಾಮು ಹಚ್ಚಿದರೂ ಅದು ಮಾಯದು. ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲವೂ ಸುಲಭವಾಗಿ ಅರ್ಥವಾಗುತ್ತದೆ.

ಈ ಕಾಯಿಲೆ ಯಾರಿಗೆ ಬರುತ್ತದೆ?

ಇದಕ್ಕೆ ಮುಖ್ಯ ಕಾರಣಗಳು ನಾಲ್ಕು: ತಂಬಾಕು, ಸಕ್ಕರೆ ಕಾಯಿಲೆ, ರಕ್ತದ ಏರೊತ್ತಡ ಮತ್ತು ರಕ್ತದಲ್ಲಿ ಹೆಚ್ಚಿದ ಕೊಬ್ಬು. ವಯಸ್ಸು ಐವತ್ತು ದಾಟಿದ ಮೇಲೆ ಅಪಾಯ ಹೆಚ್ಚು. ಇವುಗಳಲ್ಲಿ ಎರಡು ಮೂರು ಕಾರಣಗಳು ಒಬ್ಬರಲ್ಲಿಯೇ ಸೇರಿದರೆ ಅಪಾಯವು ಮತ್ತಷ್ಟು ಏರುತ್ತದೆ. ಇದು ಗಂಡಸರ ಕಾಯಿಲೆ ಎಂದು ಭಾವಿಸಬಾರದು. ಸಕ್ಕರೆ ಕಾಯಿಲೆಯುಳ್ಳ ಹೆಂಗಸರಲ್ಲಿಯೂ ಇದು ಕಾಣಿಸಿಕೊಳ್ಳುತ್ತದೆ. ಮನೆಗೆಲಸದ ನಡುವೆ ಅವರು ತಮ್ಮ ನೋವನ್ನು ಹೇಳಿಕೊಳ್ಳದಿರುವುದರಿಂದ ತಡವಾಗಿ ಬೆಳಕಿಗೆ ಬರುತ್ತದೆ.

ಇದರ ಜೊತೆಗೆ, ಯುವಕರನ್ನೇ ಹಿಡಿಯುವ ಮತ್ತೊಂದು ಬಗೆಯುಂಟು. ಅದಕ್ಕೆ ಬರ್ಗರ್ ರೋಗವೆಂದು ಹೆಸರು. 1879ರಲ್ಲಿ ಆಸ್ಟ್ರಿಯಾದ ವೈದ್ಯ ಫೆಲಿಕ್ಸ್ ಫಾನ್ ವಿನಿವಾರ್ಟರ್ ಇಂತಹ ಒಬ್ಬ ರೋಗಿಯನ್ನು ಕುರಿತು ಬರೆದರು. 1908ರಲ್ಲಿ ನ್ಯೂಯಾರ್ಕಿನ ವೈದ್ಯ ಲಿಯೋ ಬರ್ಗರ್ ಇದನ್ನು ವಿವರವಾಗಿ ವರ್ಣಿಸಿದುದರಿಂದ ಅವರ ಹೆಸರೇ ಉಳಿಯಿತು. ಬಹುತೇಕ ಐವತ್ತು ವರ್ಷದೊಳಗಿನವರಿಗೆ, ಅದರಲ್ಲಿಯೂ ತಂಬಾಕು ಸೇವಿಸುವವರಿಗೆ ಮಾತ್ರ ಇದು ಬರುತ್ತದೆ. ನಮ್ಮ ದೇಶದಲ್ಲಿ ಬೀಡಿ ಸೇದುವ ಶ್ರಮಜೀವಿಗಳಲ್ಲಿ ಇದನ್ನು ವೈದ್ಯರು ಬಹಳ ಕಾಲದಿಂದ ಕಾಣುತ್ತಿದ್ದಾರೆ. ಪಾದದ ಮತ್ತು ಕೈಯ ಸಣ್ಣ ನಾಳಗಳು ಉರಿಯೂತದಿಂದ ಊದಿ, ಒಳಗೆ ರಕ್ತ ಹೆಪ್ಪುಗಟ್ಟಿ ಮುಚ್ಚಿಹೋಗುತ್ತವೆ. ಮೂವತ್ತೈದು ವರ್ಷದ, ಚಿಕ್ಕ ಮಕ್ಕಳ ತಂದೆಯ ಕಾಲ್ಬೆರಳು ಕಪ್ಪಾಗುವುದು ಇದರಿಂದಲೇ.

ಕಾಯಿಲೆ ಮೆಟ್ಟಿಲು ಮೆಟ್ಟಿಲಾಗಿ ಹೇಗೆ ಬೆಳೆಯುತ್ತದೆ?

ಮೊದಲನೆಯ ಹಂತ: ನಡೆಯುವಾಗ ನೋವು. ಸ್ವಲ್ಪ ದೂರ ನಡೆದ ಕೂಡಲೇ ಮೀನಖಂಡದಲ್ಲಿ ಹಿಡಿದುಕೊಂಡಂತೆ ನೋವು ಬರುತ್ತದೆ. ನಿಂತು ಐದು ಹತ್ತು ನಿಮಿಷ ಸುಧಾರಿಸಿಕೊಂಡರೆ ಹೋಗುತ್ತದೆ. ಮತ್ತೆ ಅಷ್ಟೇ ದೂರ ನಡೆದರೆ ಮತ್ತೆ ಬರುತ್ತದೆ. ಕೆಲಸ ಮಾಡುವ ಮಾಂಸಖಂಡಕ್ಕೆ ರಕ್ತ ಹೆಚ್ಚಾಗಿ ಬೇಕು. ಕಿರಿದಾದ ನಾಳ ಅಷ್ಟನ್ನು ಕೊಡಲಾರದು. ಮೊದಲು ತೋಟದವರೆಗೆ ನಡೆಯುತ್ತಿದ್ದವರು ಬರಬರುತ್ತ ಊರಬಾಗಿಲಿನಲ್ಲಿಯೇ ನಿಲ್ಲತೊಡಗಿದರೆ ಕಾಯಿಲೆ ಮುಂದುವರಿಯುತ್ತಿದೆ ಎಂದೇ ತಿಳಿಯಬೇಕು.

ಎರಡನೆಯ ಹಂತ: ಮಲಗಿದಾಗ ನೋವು. ಇದು ಗಂಭೀರ ಹಂತ. ರಾತ್ರಿ ಮಲಗಿದ ಮೇಲೆ ಪಾದದ ಮುಂಭಾಗ ಮತ್ತು ಬೆರಳುಗಳಲ್ಲಿ ಸುಡುವಂತಹ ನೋವು. ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ಮಾತ್ರ ಸ್ವಲ್ಪ ಹಾಯೆನಿಸುತ್ತದೆ. ಇಳಿಜಾರಿನಲ್ಲಿ ನೀರು ಹರಿಯುವಂತೆ ಆಗ ರಕ್ತ ಸ್ವಲ್ಪ ಹೆಚ್ಚಾಗಿ ಕೆಳಗಿಳಿಯುವುದೇ ಅದಕ್ಕೆ ಕಾರಣ. ರಾತ್ರಿಯೆಲ್ಲ ಕುಳಿತೇ ನಿದ್ರಿಸುವ ಪತಿಯನ್ನು ಕಂಡರೆ "ಏಕೆ ಹೀಗೆ?" ಎಂದು ಪತ್ನಿ ಕೇಳಲೇಬೇಕು.

ಮೂರನೆಯ ಹಂತ: ಮಾಯದ ಹುಣ್ಣು ಮತ್ತು ಕಪ್ಪಾಗುವುದು. ಮುಳ್ಳು ಚುಚ್ಚಿದ್ದೋ, ಎಡವಿದ್ದೋ, ಚಪ್ಪಲಿ ಕಚ್ಚಿದ್ದೋ ನೆಪವಾಗಿ ಗಾಯವಾಗುತ್ತದೆ. ಅದು ವಾರಗಳು ಕಳೆದರೂ ಮಾಯದು. ಬೆರಳು ಕಪ್ಪಾಗಿ ಒಣಗುತ್ತದೆ, ಇಲ್ಲವೇ ಕೊಳೆತು ವಾಸನೆ ಹೊಡೆಯುತ್ತದೆ. ಇದನ್ನೇ ವೈದ್ಯರು ಗ್ಯಾಂಗ್ರೀನ್ ಎನ್ನುತ್ತಾರೆ.

ಮಲಗಿದಾಗಿನ ನೋವಾಗಲಿ, ಪಾದದ ಹುಣ್ಣಾಗಲಿ ಎರಡು ವಾರಕ್ಕಿಂತ ಹೆಚ್ಚು ಕಾಲ ಉಳಿದು, ಜೊತೆಗೆ ರಕ್ತಸಂಚಾರವೂ ಕುಂದಿದ್ದರೆ ಅದನ್ನು ಕಾಲಿಗೆ ಕುತ್ತು ತರುವ ಸ್ಥಿತಿಯೆಂದು ವೈದ್ಯರು ಪರಿಗಣಿಸುತ್ತಾರೆ. ಆದರೆ ಎರಡು ವಾರ ಕಾಯಬೇಕೆಂದು ಇದರ ಅರ್ಥವಲ್ಲ. ರಕ್ತದ ಹರಿವನ್ನು ಮರಳಿ ಸ್ಥಾಪಿಸುವ ಚಿಕಿತ್ಸೆ ದೊರೆಯದಿದ್ದರೆ, ಈ ಸ್ಥಿತಿಯನ್ನು ತಲುಪಿದ ಸುಮಾರು ಐವರಲ್ಲಿ ಒಬ್ಬರು ಒಂದು ವರ್ಷದೊಳಗೆ ಕಾಲನ್ನು ಕಳೆದುಕೊಳ್ಳುತ್ತಾರೆ; ಸುಮಾರು ಅಷ್ಟೇ ಮಂದಿ ಜೀವವನ್ನೇ ಕಳೆದುಕೊಳ್ಳುತ್ತಾರೆ. ಜೀವಕ್ಕೆ ಅಪಾಯವೇಕೆ? ಕಾಲಿನ ನಾಳದಲ್ಲಿ ಹೂಳು ತುಂಬಿದವರ ಹೃದಯದ ಮತ್ತು ಮೆದುಳಿನ ನಾಳಗಳಲ್ಲಿಯೂ ಅದೇ ಹೂಳು ತುಂಬಿರುವುದು ಸಾಮಾನ್ಯ. ಕಾಲಿನ ನೋವು ಮುಂದೆ ಬರಬಹುದಾದ ಹೃದಯಾಘಾತದ ಮುನ್ಸೂಚನೆಯೂ ಹೌದು.

ಸಂಕೋಚದಿಂದ ಮುಚ್ಚಿಡುವ ಒಂದು ಲಕ್ಷಣ

ಹೊಟ್ಟೆಯೊಳಗೆ ದೊಡ್ಡ ನಾಳವು ಕವಲೊಡೆಯುವೆಡೆಯಲ್ಲಿಯೇ ಅಡಚಣೆಯಾದರೆ, ನಡೆಯುವಾಗ ಪೃಷ್ಠ ಮತ್ತು ತೊಡೆಗಳಲ್ಲಿ ನೋವು ಬರುವುದಲ್ಲದೆ, ಪುರುಷನಲ್ಲಿ ದಾಂಪತ್ಯದ ಸಾಮರ್ಥ್ಯವೂ ಕುಂದುತ್ತದೆ. ಫ್ರಾನ್ಸಿನ ಶಸ್ತ್ರವೈದ್ಯ ರೆನೆ ಲೆರಿಶ್ ಈ ಲಕ್ಷಣಗಳ ಸಂಬಂಧವನ್ನು ತೋರಿಸಿಕೊಟ್ಟರು. ಇಂತಹ ಸಂದರ್ಭದಲ್ಲಿ ಪತಿ ನಾಚಿಕೆಯಿಂದ ದೂರ ಸರಿಯುತ್ತಾನೆ, ಪತ್ನಿ ತನ್ನ ಮೇಲೆ ಅಕ್ಕರೆಯಿಲ್ಲವೆಂದು ಕೊರಗುತ್ತಾಳೆ. ಇದು ಯಾರ ದೋಷವೂ ಅಲ್ಲ, ಶಾಪವೂ ಅಲ್ಲ. ಬೀದಿಯ ಬದಿಯಲ್ಲಿ ಮಾರುವ ಶಕ್ತಿವರ್ಧಕ ಲೇಹ್ಯಗಳಿಗೆ ಹಣ ಚೆಲ್ಲುವ ಬದಲು, ವೈದ್ಯರ ಮುಂದೆ ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳಬೇಕು. ಅವರಿಗೆ ಇದು ರೋಗನಿರ್ಣಯಕ್ಕೆ ಬೇಕಾದ ಮುಖ್ಯ ಸುಳಿವು.

ನೋವೇ ಇಲ್ಲದಿದ್ದರೆ?

ಸಕ್ಕರೆ ಕಾಯಿಲೆ ಬಹುಕಾಲ ಇದ್ದವರ ಪಾದದ ನರಗಳು ಮರಗಟ್ಟಿರುತ್ತವೆ. ಅವರಿಗೆ ಮುಳ್ಳು ಚುಚ್ಚಿದರೂ ತಿಳಿಯದು, ರಕ್ತ ಸಾಲದಾದರೂ ನೋಯದು. ಚಪ್ಪಲಿ ಕಳಚಿ ಬಿದ್ದುದೂ ಅರಿವಾಗದೆ ನಡೆದು ಬರುವವರಿದ್ದಾರೆ. ಇಂತಹವರಲ್ಲಿ ಮೊದಲ ಎರಡು ಹಂತಗಳು ಗೋಚರಿಸದೆ, ಒಮ್ಮೆಲೇ ಕಪ್ಪಾದ ಬೆರಳೇ ಕಾಣಬಹುದು. ಆದುದರಿಂದ ಸಕ್ಕರೆ ಕಾಯಿಲೆಯವರು "ನೋವಿಲ್ಲ, ಆದುದರಿಂದ ರೋಗವಿಲ್ಲ" ಎಂದು ಎಣಿಸಬಾರದು.

ಆಸ್ಪತ್ರೆಯಲ್ಲಿ ಏನು ಪರೀಕ್ಷೆ ಮಾಡುತ್ತಾರೆ?

ವೈದ್ಯರು ಮೊದಲು ತೊಡೆಸಂದು, ಮಂಡಿಯ ಹಿಂಭಾಗ, ಕಣಕಾಲು ಮತ್ತು ಪಾದದ ಮೇಲೆ ಬೆರಳಿಟ್ಟು ನಾಡಿಯನ್ನು ನೋಡುತ್ತಾರೆ. ಬಳಿಕ ತೋಳಿನಲ್ಲಿಯೂ ಕಣಕಾಲಿನಲ್ಲಿಯೂ ರಕ್ತದ ಒತ್ತಡವನ್ನು ಅಳೆದು ಹೋಲಿಸುತ್ತಾರೆ. ಆರೋಗ್ಯವಂತರಲ್ಲಿ ಎರಡೂ ಹೆಚ್ಚುಕಡಿಮೆ ಸಮ, ಅಂದರೆ ಅನುಪಾತ 1ರ ಆಸುಪಾಸು. ಅದು 0.9ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದರೆ ನಾಳ ಕಿರಿದಾಗಿದೆ; 0.4ಕ್ಕಿಂತ ಕೆಳಗಿಳಿದರೆ ಸ್ಥಿತಿ ತೀವ್ರ. ಈ ಪರೀಕ್ಷೆಗೆ ಸೂಜಿಯಿಲ್ಲ, ನೋವಿಲ್ಲ. ಸಕ್ಕರೆ ಕಾಯಿಲೆಯವರಲ್ಲಿ ನಾಳದ ಗೋಡೆ ಗಡುಸಾಗಿ ಅಳತೆ ತಪ್ಪಬಹುದಾದುದರಿಂದ ಹೆಬ್ಬೆರಳಿನ ಒತ್ತಡವನ್ನೂ ಅಳೆಯುತ್ತಾರೆ. ಅಡಚಣೆ ಎಲ್ಲಿದೆ ಎಂದು ತಿಳಿಯಲು ಡಾಪ್ಲರ್ ಸ್ಕ್ಯಾನ್ ಮಾಡುತ್ತಾರೆ. ಶಸ್ತ್ರಚಿಕಿತ್ಸೆ ಬೇಕೆನಿಸಿದಾಗ ನಾಳಕ್ಕೆ ಬಣ್ಣದ ಔಷಧಿಯನ್ನು ಸೇರಿಸಿ ಆಂಜಿಯೋಗ್ರಾಂ ಚಿತ್ರ ತೆಗೆಯುತ್ತಾರೆ. ಮೂತ್ರಪಿಂಡದ ತೊಂದರೆಯಿದ್ದವರು ಅದನ್ನು ಮೊದಲೇ ತಿಳಿಸಬೇಕು.

ಚಿಕಿತ್ಸೆ ಉಂಟೇ? ಖಂಡಿತ ಉಂಟು

1. ತಂಬಾಕನ್ನು ಪೂರ್ಣವಾಗಿ ಬಿಡುವುದು. ಇದು ಸಲಹೆಯಲ್ಲ, ಚಿಕಿತ್ಸೆಯ ಮೊದಲ ಭಾಗ. ಬೀಡಿ, ಸಿಗರೇಟು, ಹೊಗೆಸೊಪ್ಪು, ಕಡ್ಡಿಪುಡಿ, ಗುಟ್ಕಾ, ಇವೆಲ್ಲವನ್ನೂ ಬಿಡಬೇಕು. "ದಿನಕ್ಕೆ ಎರಡೇ" ಎಂಬ ಲೆಕ್ಕ ಇಲ್ಲಿ ನಡೆಯದು. ಬರ್ಗರ್ ರೋಗದಲ್ಲಂತೂ ಇದಕ್ಕೆ ಸಮನಾದ ಔಷಧಿ ಮತ್ತೊಂದಿಲ್ಲ. ಬೆರಳು ಕೊಳೆಯುವ ಮುನ್ನವೇ ತಂಬಾಕನ್ನು ಸಂಪೂರ್ಣ ತ್ಯಜಿಸಿದವರಲ್ಲಿ ಬಹುಪಾಲು ಮಂದಿ ಕಾಲನ್ನು ಉಳಿಸಿಕೊಳ್ಳುತ್ತಾರೆ. ಸೇದುವುದನ್ನು ಮುಂದುವರಿಸಿದವರು ಒಂದೊಂದೇ ಬೆರಳನ್ನು, ಕೊನೆಗೆ ಕಾಲನ್ನು ಕಳೆದುಕೊಳ್ಳುತ್ತಾರೆ.

2. ಔಷಧಿಗಳು. ರಕ್ತ ಹೆಪ್ಪುಗಟ್ಟದಂತೆ ತಡೆಯಲು ಆಸ್ಪಿರಿನ್ ಅಥವಾ ಕ್ಲೋಪಿಡೋಗ್ರೆಲ್, ಕೊಬ್ಬನ್ನು ತಗ್ಗಿಸಿ ನಾಳದ ಗೋಡೆಯನ್ನು ಸ್ಥಿರಗೊಳಿಸಲು ಸ್ಟ್ಯಾಟಿನ್ ವರ್ಗದ ಮಾತ್ರೆ, ಜೊತೆಗೆ ಸಕ್ಕರೆ ಹಾಗೂ ಒತ್ತಡದ ಮಾತ್ರೆಗಳನ್ನು ಕೊಡುತ್ತಾರೆ. ಇವು ಕಾಲಿನೊಂದಿಗೆ ಹೃದಯವನ್ನೂ ಕಾಯುತ್ತವೆ. ನೋವು ಕಡಿಮೆಯಾಯಿತೆಂದು ನೀವಾಗಿಯೇ ನಿಲ್ಲಿಸಬಾರದು. ನೆರೆಯವರ ಮಾತ್ರೆಯನ್ನು ತಂದು ನುಂಗಲೂಬಾರದು. ಗರ್ಭಿಣಿಯರು ಮತ್ತು ಮಗುವನ್ನು ಬಯಸುವ ಸ್ತ್ರೀಯರು ಆ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಕೆಲವು ಮಾತ್ರೆಗಳು ಆ ಸ್ಥಿತಿಯಲ್ಲಿ ಸಲ್ಲವು.

3. ನಡಿಗೆ. ಮೊದಲನೆಯ ಹಂತದವರಿಗೆ ಇದೊಂದು ಉತ್ತಮ ಚಿಕಿತ್ಸೆ. ನೋವು ಬರುವವರೆಗೆ ನಡೆದು, ನಿಂತು ಸುಧಾರಿಸಿಕೊಂಡು, ಮತ್ತೆ ನಡೆಯಬೇಕು. ಹೀಗೆ ಒಮ್ಮೆಗೆ 30ರಿಂದ 45 ನಿಮಿಷ, ವಾರಕ್ಕೆ ಕನಿಷ್ಠ 3 ದಿನ, 12 ವಾರಗಳ ಕಾಲ ಬಿಡದೆ ಮಾಡಿದರೆ ಹಲವರು ಮೊದಲಿಗಿಂತ ಹೆಚ್ಚು ದೂರ ನಡೆಯಬಲ್ಲವರಾಗುತ್ತಾರೆ. ಆದರೆ ಪಾದದಲ್ಲಿ ಹುಣ್ಣಿರುವವರು, ಮಲಗಿದಾಗಲೂ ನೋವಿರುವವರು ವೈದ್ಯರ ಅಪ್ಪಣೆಯಿಲ್ಲದೆ ಈ ವ್ಯಾಯಾಮಕ್ಕೆ ತೊಡಗಬಾರದು. ಅವರಿಗೆ ಮೊದಲು ರಕ್ತದ ದಾರಿಯನ್ನು ತೆರೆಯಬೇಕು.

4. ನಾಳವನ್ನು ಒಳಗಿನಿಂದ ಹಿಗ್ಗಿಸುವುದು. 1964ರ ಜನವರಿ 16ರಂದು ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ 82 ವರ್ಷದ ವೃದ್ಧೆಯೊಬ್ಬರು ಚಾರ್ಲ್ಸ್ ಡಾಟರ್ ಎಂಬ ವೈದ್ಯರ ಬಳಿಗೆ ಬಂದಿದ್ದರು. ಆಕೆಯ ಪಾದದಲ್ಲಿ ಹುಣ್ಣಾಗಿ ಬೆರಳು ಕೊಳೆಯತೊಡಗಿತ್ತು. ಕಾಲನ್ನು ತೆಗೆಯಬೇಕೆಂದು ಹೇಳಿದಾಗ ಆಕೆ ಒಪ್ಪಿರಲಿಲ್ಲ. ಡಾಟರ್ ಅವರು ತೊಡೆಯ ನಾಳದೊಳಗೆ ಸಣ್ಣ ಕೊಳವೆಯನ್ನು ತೂರಿಸಿ ಕಿರಿದಾದ ಭಾಗವನ್ನು ಹಿಗ್ಗಿಸಿದರು. ತಣ್ಣಗಿದ್ದ ಪಾದ ಬೆಚ್ಚಗಾಯಿತು, ಹುಣ್ಣು ಮಾಯಿತು. ಆಕೆ ತೀರಿಕೊಳ್ಳುವವರೆಗೂ ತನ್ನ ಕಾಲಿನಲ್ಲಿಯೇ ನಡೆದರು. 1974ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್‌ನಲ್ಲಿ ಆಂಡ್ರಿಯಾಸ್ ಗ್ರುಂಟ್ಜಿಗ್ ಅವರು ಕೊಳವೆಯ ತುದಿಗೆ ಪುಟ್ಟ ಬಲೂನನ್ನು ಅಳವಡಿಸಿ ಈ ವಿಧಾನವನ್ನು ಸುಧಾರಿಸಿದರು. ಇಂದು ಇದನ್ನು ಆಂಜಿಯೋಪ್ಲಾಸ್ಟಿ ಎನ್ನುತ್ತಾರೆ. ಅಗತ್ಯವಿದ್ದರೆ ನಾಳವು ಮತ್ತೆ ಮುಚ್ಚದಂತೆ ಸ್ಟೆಂಟ್ ಎಂಬ ಲೋಹದ ಜಾಲರಿಯನ್ನು ಇರಿಸುತ್ತಾರೆ. ಸಾಮಾನ್ಯವಾಗಿ ಇದಕ್ಕೆ ದೊಡ್ಡ ಗಾಯವನ್ನಾಗಲಿ, ಪೂರ್ಣ ಅರಿವಳಿಕೆಯನ್ನಾಗಲಿ ಮಾಡಬೇಕಾಗಿಲ್ಲ.

5. ಬದಲಿ ಕಾಲುವೆ. ಅಡಚಣೆ ಉದ್ದವಾಗಿದ್ದು ಹಿಗ್ಗಿಸಲು ಬಾರದಿದ್ದರೆ, ಅದನ್ನು ಬಳಸಿಕೊಂಡು ಹೋಗುವ ಹೊಸ ದಾರಿಯನ್ನು ಹೊಲಿಯುತ್ತಾರೆ. ಇದೇ ಬೈಪಾಸ್ ಶಸ್ತ್ರಚಿಕಿತ್ಸೆ. 1948ರಲ್ಲಿ ಪ್ಯಾರಿಸ್ಸಿನಲ್ಲಿ ಜಾನ್ ಕುನ್ಲಿನ್ ಅವರು ರೋಗಿಯ ಕಾಲಿನ ಚರ್ಮದಡಿಯ ರಕ್ತನಾಳವನ್ನೇ ತೆಗೆದು ಹೀಗೆ ಜೋಡಿಸಿ ಯಶಸ್ಸು ಪಡೆದರು. ಇಂದಿಗೂ ರೋಗಿಯ ಸ್ವಂತ ನಾಳವೇ ಅತ್ಯುತ್ತಮ. ಅದಿಲ್ಲದಿದ್ದರೆ ಕೃತಕ ನಾಳವನ್ನು ಬಳಸುತ್ತಾರೆ.

ಈ ಎರಡರಲ್ಲಿ ಯಾವುದು ಮೇಲು? 2022ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಒಳ್ಳೆಯ ಸ್ವಂತ ನಾಳವಿದ್ದವರಿಗೆ ಬೈಪಾಸ್ ಹೆಚ್ಚು ಅನುಕೂಲವೆಂದು ಕಂಡುಬಂದಿತು. 2023ರ ಮತ್ತೊಂದು ಅಧ್ಯಯನದಲ್ಲಿ, ಮಂಡಿಯ ಕೆಳಗಿನ ನಾಳಗಳಲ್ಲಿ ಅಡಚಣೆಯಿದ್ದವರಿಗೆ ಮೊದಲು ಆಂಜಿಯೋಪ್ಲಾಸ್ಟಿ ಮಾಡಿದುದೇ ಮೇಲಾಯಿತು. ಆದುದರಿಂದ ಎಲ್ಲರಿಗೂ ಒಂದೇ ಉತ್ತರವಿಲ್ಲ. ಅಡಚಣೆಯ ಜಾಗ, ಹೃದಯದ ಶಕ್ತಿ, ನಾಳದ ಗುಣ ಇವುಗಳನ್ನು ನೋಡಿ ವೈದ್ಯರು ನಿರ್ಧರಿಸುತ್ತಾರೆ. "ನಮ್ಮ ಬೀಗರಿಗೆ ಮಾಡಿದ್ದನ್ನೇ ನಮಗೂ ಮಾಡಿ" ಎಂದು ಹಟ ಹಿಡಿಯಬಾರದು. ಆದರೆ "ಏಕೆ ಈ ಚಿಕಿತ್ಸೆ?" ಎಂದು ಕೇಳಿ ತಿಳಿದುಕೊಳ್ಳುವ ಹಕ್ಕು ನಿಮಗಿದೆ.

ಬರ್ಗರ್ ರೋಗದಲ್ಲಿ ಮುಚ್ಚಿರುವುದು ಬಹು ಸಣ್ಣ ನಾಳಗಳಾದುದರಿಂದ ಅನೇಕ ವೇಳೆ ಈ ಎರಡು ವಿಧಾನಗಳೂ ಸಾಧ್ಯವಾಗುವುದಿಲ್ಲ. ಆಗ ನಾಳಗಳನ್ನು ಸಡಿಲಿಸುವ ಔಷಧಿಯನ್ನು ರಕ್ತಕ್ಕೆ ಹನಿಹನಿಯಾಗಿ ಕೊಡುವುದು, ಸೊಂಟದ ಭಾಗದ ಒಂದು ನರಸಮೂಹವನ್ನು ಕತ್ತರಿಸುವುದು ಮುಂತಾದ ಉಪಾಯಗಳಿಂದ ಕೆಲವರ ನೋವು ತಗ್ಗುತ್ತದೆ. ಆದರೆ ತಂಬಾಕನ್ನು ಬಿಡದೆ ಇವಾವುವೂ ನಿಲ್ಲಲಾರವು.

6. ಕಾಲನ್ನು ತೆಗೆಯಬೇಕಾಗಿ ಬಂದರೆ. ಕೊಳೆತ ಭಾಗದಿಂದ ನಂಜು ಮೈಗೇರಿ ಜೀವಕ್ಕೆ ಅಪಾಯವಾದಾಗ, ಇಲ್ಲವೇ ಪಾದದಲ್ಲಿ ಉಳಿಸಲು ಏನೂ ಇಲ್ಲದಿದ್ದಾಗ, ಸತ್ತ ಭಾಗವನ್ನು ತೆಗೆಯಲೇಬೇಕಾಗುತ್ತದೆ. ಆಗ ಜೀವ ಉಳಿಸುವುದೇ ಮೊದಲ ಧರ್ಮ. ಬೇಗ ಬಂದವರಿಗೆ ಒಂದು ಬೆರಳಿನಲ್ಲಿ ಮುಗಿಯುವುದು, ತಡಮಾಡಿದವರಿಗೆ ಮಂಡಿಯ ಮೇಲಿನವರೆಗೂ ಹೋಗಬಹುದು. ಮಂಡಿ ಉಳಿದರೆ ಕೃತಕ ಕಾಲಿನಿಂದ ನಡೆಯುವುದು ಬಹಳ ಸುಲಭ. ಜೈಪುರದಲ್ಲಿ 1968ರ ಸುಮಾರಿಗೆ ಕುಶಲಕರ್ಮಿ ರಾಮಚಂದ್ರ ಶರ್ಮ ಮತ್ತು ವೈದ್ಯ ಪಿ. ಕೆ. ಸೇಠಿ ಅವರು ರೂಪಿಸಿದ ಜೈಪುರ ಪಾದವನ್ನು ಧರಿಸಿದವರು ಬರಿಗಾಲಿನವರಂತೆಯೇ ಕೆಸರಿನಲ್ಲಿ ನಡೆಯಬಲ್ಲರು, ಚಕ್ಕಳಮಕ್ಕಳ ಹಾಕಿ ಕುಳಿತುಕೊಳ್ಳಬಲ್ಲರು, ಹೊಲದಲ್ಲಿ ದುಡಿಯಬಲ್ಲರು. ಕಾಲು ಹೋದರೆ ಬಾಳೇ ಹೋಯಿತೆಂದು ತಿಳಿಯಬೇಕಾಗಿಲ್ಲ.

ಮಾಡಬಾರದ ಕೆಲಸಗಳು

ಪ್ರೀತಿಯಿಂದಲೇ ಮಾಡುವ ಎಷ್ಟೋ ಉಪಚಾರಗಳು ಇಲ್ಲಿ ಹಾನಿ ಮಾಡುತ್ತವೆ.

- ತಣ್ಣಗಿರುವ ಪಾದಕ್ಕೆ ಕೆಂಡದ ಶಾಖ, ಬಿಸಿ ಇಟ್ಟಿಗೆ, ಬಿಸಿನೀರಿನ ಚೀಲ ಕೊಡಬಾರದು. ಒಲೆಯ ಮುಂದೆ ಕಾಲು ಚಾಚಿ ಕುಳಿತುಕೊಳ್ಳಬಾರದು. ರಕ್ತ ಸಾಲದ ಚರ್ಮ ಬೇಗನೆ ಸುಟ್ಟು ಹುಣ್ಣಾಗುತ್ತದೆ. ಬೆಚ್ಚಗಿರಲು ಸಡಿಲವಾದ ಹತ್ತಿಯ ಕಾಲುಚೀಲ ಅಥವಾ ಕಂಬಳಿಯ ಹೊದಿಕೆ ಸಾಕು.
- ಹುಣ್ಣಿಗೆ ಬೂದಿ, ಸಗಣಿ, ಸುಣ್ಣ, ಗಿಡದ ಹಾಲು, ಬ್ಯಾಟರಿಯ ಪುಡಿ ಯಾವುದನ್ನೂ ಹಚ್ಚಬಾರದು.
- ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಳ್ಳಬಾರದು.
- ನೋಯುವ ಕಾಲನ್ನು ಬಿಗಿಯಾಗಿ ಕಟ್ಟಬಾರದು. ಬಲವಾಗಿ ತಿಕ್ಕಿ ನೀವಬಾರದು.
- ಮಲಗಿದಾಗ ಕಾಲಿನ ಕೆಳಗೆ ದಿಂಬಿಟ್ಟು ಎತ್ತರಿಸಬಾರದು. ಅದಕ್ಕೆ ಬದಲಾಗಿ ಮಂಚದ ತಲೆಯ ಕಡೆಯ ಕಾಲುಗಳಡಿ ಒಂದೊಂದು ಇಟ್ಟಿಗೆಯಿಟ್ಟರೆ ಪಾದ ಸ್ವಲ್ಪ ತಗ್ಗಿನಲ್ಲಿದ್ದು ನೋವು ಕಡಿಮೆಯಾಗುತ್ತದೆ.
- ಅಂಗಡಿಯ ನೋವಿನ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುತ್ತ ಕಾಲ ಕಳೆಯಬಾರದು.

ದಂಪತಿಗಳ ಸಂಜೆಯ ಹತ್ತು ನಿಮಿಷ

ಸಕ್ಕರೆ ಕಾಯಿಲೆಯಾಗಲಿ, ತಂಬಾಕಿನ ಅಭ್ಯಾಸವಾಗಲಿ ಇರುವ ಮನೆಯಲ್ಲಿ ಈ ಕ್ರಮವನ್ನು ನಿತ್ಯವಿಧಿಯಾಗಿ ಇರಿಸಿಕೊಳ್ಳಿರಿ. ಹೊಲದಿಂದ ಬಂದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ತೊಳೆದುಕೊಳ್ಳಿರಿ. ನೀರಿನ ಬಿಸಿಯನ್ನು ಕಾಲಿನಿಂದಲ್ಲ, ಮೊಣಕೈಯಿಂದ ನೋಡಿರಿ. ಬೆರಳುಗಳ ಸಂದಿಯನ್ನು ಒಣಬಟ್ಟೆಯಿಂದ ಮೆಲ್ಲಗೆ ಒರೆಸಿರಿ. ಒಣಗಿದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚಿರಿ, ಬೆರಳ ಸಂದಿಗೆ ಬೇಡ. ಬಳಿಕ ಒಳ್ಳೆಯ ಬೆಳಕಿನಲ್ಲಿ ಪತಿಯ ಪಾದವನ್ನು ಪತ್ನಿಯೂ, ಪತ್ನಿಯ ಪಾದವನ್ನು ಪತಿಯೂ ನೋಡಬೇಕು. ಅಂಗಾಲನ್ನು ತಾನೇ ನೋಡಿಕೊಳ್ಳುವುದು ಕಷ್ಟ, ಜೊತೆಗಾರರಿಗೆ ಸುಲಭ. ಪತ್ನಿಯ ಪಾದವನ್ನು ಪತಿ ಮುಟ್ಟಿ ನೋಡುವುದರಲ್ಲಿ ಕೀಳ್ಮೆಯೇನೂ ಇಲ್ಲ. ಸಪ್ತಪದಿಯ ದಿನ ಕೂಡಿ ಇಟ್ಟ ಹೆಜ್ಜೆಗಳನ್ನು ಕಾಪಾಡಿಕೊಳ್ಳುವುದು ಇಬ್ಬರ ಹೊಣೆ.

ಏನನ್ನು ನೋಡಬೇಕು? ಗಾಯ, ಬೊಕ್ಕೆ, ಬಿರುಕು, ಬಣ್ಣದ ಬದಲಾವಣೆ. ಒಂದು ಪಾದ ಮತ್ತೊಂದಕ್ಕಿಂತ ತಣ್ಣಗಿದೆಯೇ. ಉಗುರಿನ ಸುತ್ತ ಕೆಂಪಾಗಿದೆಯೇ ಎಂಬುದನ್ನು. ಉಗುರನ್ನು ನೇರವಾಗಿ ಕತ್ತರಿಸಬೇಕು. ಬರಿಗಾಲಿನಲ್ಲಿ ಹೊಲಕ್ಕೆ ಹೋಗಬಾರದು. ಚಪ್ಪಲಿ ಮೆಟ್ಟುವ ಮುನ್ನ ಕಲ್ಲು, ಮೊಳೆ ಇದೆಯೇ ಎಂದು ಕೈಯಾಡಿಸಿ ನೋಡಬೇಕು.

ತಂಬಾಕು ಬಿಡುವಾಗಲೂ ಪರಸ್ಪರ ನೆರವು ಬೇಕು. ಪತಿ ಬೀಡಿಯನ್ನೂ ಪತ್ನಿ ಎಲೆಅಡಿಕೆಯ ಜೊತೆಗಿನ ಹೊಗೆಸೊಪ್ಪನ್ನೂ ಒಂದೇ ದಿನ ಬಿಡಲು ನಿಶ್ಚಯಿಸಿದರೆ ಒಬ್ಬರು ಮತ್ತೊಬ್ಬರಿಗೆ ಬಲವಾಗುತ್ತಾರೆ. ಮೊದಲ ಎರಡು ಮೂರು ವಾರ ಸಿಡುಕು, ನಿದ್ರೆಗೇಡು ಸಹಜ. ಅದನ್ನು ಜಗಳಕ್ಕೆ ತಿರುಗಿಸದೆ ಸಹಿಸಿಕೊಳ್ಳಬೇಕು. ಜಾರಿ ಒಂದು ಬೀಡಿ ಸೇದಿದರೆ ನಿಂದಿಸದೆ, ಮರುದಿನದಿಂದ ಮತ್ತೆ ಆರಂಭಿಸಲು ಧೈರ್ಯ ಹೇಳಬೇಕು. ತಂಬಾಕು ಬಿಡುವವರಿಗೆ ನೆರವಾಗುವ ರಾಷ್ಟ್ರೀಯ ಉಚಿತ ದೂರವಾಣಿ ಸಂಖ್ಯೆ 1800-11-2356.

ಯಾವಾಗ, ಎಲ್ಲಿಗೆ ಹೋಗಬೇಕು?

ನಡೆಯುವಾಗ ನೋವು ಕಂಡರೆ ಆ ವಾರದಲ್ಲಿಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಮಲಗಿದಾಗ ನೋವು, ಮಾಯದ ಹುಣ್ಣು ಅಥವಾ ಕಪ್ಪಾದ ಬೆರಳು ಕಂಡರೆ ಮರುದಿನವೇ ಹೊರಡಿರಿ. ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ ಅಥವಾ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿರಿ. ಕಾಲು ಇದ್ದಕ್ಕಿದ್ದಂತೆ ಬಿಳಿಚಿಕೊಂಡು, ತಣ್ಣಗಾಗಿ, ಅತೀವ ನೋವು ಬಂದು, ಆಡಿಸಲಾಗದಂತಾದರೆ ಅದು ನಾಳವು ಒಮ್ಮೆಲೇ ಮುಚ್ಚಿದ ಲಕ್ಷಣ. ಆಗ ಆರು ಗಂಟೆಗಳೊಳಗೆ ಚಿಕಿತ್ಸೆ ದೊರೆತರೆ ಕಾಲು ಉಳಿಯುವ ಸಂಭವ ಹೆಚ್ಚು. ಕೂಡಲೇ 108ಕ್ಕೆ ಕರೆ ಮಾಡಿರಿ.

ಮೂವತ್ತು ವರ್ಷ ತುಂಬಿದವರೆಲ್ಲರ ಸಕ್ಕರೆ ಮತ್ತು ರಕ್ತದೊತ್ತಡವನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಪರೀಕ್ಷಿಸುತ್ತಾರೆ. ಕಾಯಿಲೆಯಿಲ್ಲದವರೂ ವರ್ಷಕ್ಕೊಮ್ಮೆ ಇಬ್ಬರೂ ಕೂಡಿ ಹೋಗಿ ಮಾಡಿಸಿಕೊಳ್ಳಬೇಕು. ದೊಡ್ಡ ಚಿಕಿತ್ಸೆಯ ಖರ್ಚಿಗೆ ಹೆದರಿ ಹಿಂಜರಿಯಬೇಡಿರಿ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಡ ಕುಟುಂಬಗಳಿಗೆ ನೆರವುಂಟು. ಪಡಿತರ ಚೀಟಿ ಮತ್ತು ಆಧಾರ್ ಚೀಟಿಗಳನ್ನು ಜೊತೆಗೊಯ್ದು, ನಿಮ್ಮ ಚಿಕಿತ್ಸೆಗೆ ಯಾವ ಸೌಲಭ್ಯ ಅನ್ವಯಿಸುತ್ತದೆ ಎಂದು ಆಸ್ಪತ್ರೆಯಲ್ಲಿ ಕೇಳಿರಿ. ಊರಿನ ಆಶಾ ಕಾರ್ಯಕರ್ತೆಯೂ ಮಾರ್ಗದರ್ಶನ ಮಾಡುತ್ತಾರೆ.

ಕೊನೆಯ ಮಾತು

"ಆಸ್ಪತ್ರೆಗೆ ಹೋದರೆ ಕಾಲು ಕತ್ತರಿಸಿಬಿಡುತ್ತಾರೆ" ಎಂಬ ಅಂಜಿಕೆ ನಮ್ಮ ಹಳ್ಳಿಗಳಲ್ಲಿ ಬಲವಾಗಿದೆ. ಈ ಅಂಜಿಕೆ ಹುಟ್ಟಿದ್ದು ಹೇಗೆ? ಬೆರಳು ನೋಯುವಾಗ ಹೋಗದೆ, ಪಾದ ಕೊಳೆತ ಮೇಲೆ ಹೋದವರನ್ನು ಕಂಡು. ಅವರ ಕಾಲನ್ನು ಕಸಿದುಕೊಂಡದ್ದು ಆಸ್ಪತ್ರೆಯಲ್ಲ, ಕಳೆದುಹೋದ ದಿನಗಳು. ಹೂಳು ತುಂಬಿದ ಕಾಲುವೆಯನ್ನು ಮಳೆಗಾಲಕ್ಕೆ ಮುನ್ನವೇ ಎತ್ತಿಸುವ ರೈತ ಪೈರು ಒಣಗುವವರೆಗೆ ಕಾಯುವುದಿಲ್ಲ. ಕಾಲಿನ ವಿಷಯದಲ್ಲಿಯೂ ಅದೇ ವಿವೇಕವಿರಲಿ. ಇಂದು ಸಂಜೆಯೇ ದೀಪದ ಬೆಳಕಿನಲ್ಲಿ ಒಬ್ಬರ ಪಾದವನ್ನು ಒಬ್ಬರು ನೋಡಿರಿ.